ಬುಗುಡಿಯ ಲೆಕ್ಕ

ಹದಿಮೂರು ವರ್ಷ ಮೂರು ತಿಂಗಳಾದ ಮೇಲೆ
ಗಾಂಧಿ ಬಜಾರಿನ ನನ್ನ ಕಟ್ಟೆ ಹತ್ತಿ
ಚೌಡೇಶ್ವರಿ ಒಂದು ಚೀಟಿ ಚಾಚಿದಳು.
ನನ್ನದೇ ಅಕ್ಷರ. ಮಡಿಕೆಯಲ್ಲಿ ಹರಿದಿತ್ತು:
ಗಿರವಿ, ಬುಗುಡಿ ಒಂದು ಜೊತೆ, ಕೆಂಪು ಹರಳು ಆರು,
ಅದರಲ್ಲಿ ಒಂದಿಲ್ಲ.
ಹಮಾಲಿ ತೀರ್ಥಪ್ಪನ ತಾಯಿಯ ಹೆಬ್ಬೆಟ್ಟು.

ಮುದುಕಿ ಅವತ್ತು ಇಲ್ಲೇ ಕೂತು ಬಿಚ್ಚಿಕೊಟ್ಟಿದ್ದಳು.
"ಮೊಮ್ಮಗಳಿಗೆ ಪಾಸ್‌ಪೋರ್ಟಂತೆ, ಮುಳ್ಳಿನ ಬೂಟಂತೆ,
ಅದೇನೋ ರಗ್ಬಿಯಂತೆ ಶೇಟ್ರೇ, ಚೆಂಡು ದುಂಡಗಿಲ್ಲವಂತೆ."
ದುಂಡಗಿಲ್ಲದ್ದು ನೆಟ್ಟಗೆ ಪುಟಿಯುವುದು ಹೇಗೆ
ಎಂದು ನಾನು ನಕ್ಕೆ.
ಗುಲಗಂಜಿಯಷ್ಟೂ ಕಡಿಮೆ ತೂಗದೆ ದುಡ್ಡು ಎಣಿಸಿದೆ.
ಆ ನಗೆಗೆ ಬಡ್ಡಿ ಹಾಕಿಕೊಂಡಿರಲಿಲ್ಲ.

ಮೊದಲು ಕಬಡ್ಡಿ ಆಡುತ್ತಿದ್ದವಳು.
ಬೇಸಗೆಯ ತುಂಗೆಯ ಮರಳಲ್ಲಿ
ಹುಡುಗರ ಕಣಕಾಲು ಹಿಡಿದರೆ ಬಿಡುತ್ತಿರಲಿಲ್ಲ,
ಉಡದ ಪಟ್ಟು.
ನೆಹರೂ ಸ್ಟೇಡಿಯಮ್ಮಿಗೆ ಬಂದ ಯಾರೋ ಕೋಚು ಅದನ್ನು ಕಂಡು
ಮೊಗೆಕಾಯಿಯಂಥ ಚೆಂಡೊಂದನ್ನು ಕೈಗಿಟ್ಟರಂತೆ:
ಮುಂದೆ ಓಡು. ಹಿಂದಕ್ಕೇ ಎಸೆ.
ಮುಂದಕ್ಕೆ ಎಸೆದರೆ ತಪ್ಪು.
ಯಾರಿಗೆ ಎಂದು ನೋಡಲು ಸಮಯವಿಲ್ಲ; ಇದ್ದಾರೆಂದು ನಂಬು.

ಇಂಥ ಆಟವೂ ಉಂಟೇ?

ಉಂಟು. ಮೂವರು ಮುಂದೆ, ನಡುವಿನವಳು ಇವಳು,
ಎರಡು ತೋಳು ಎರಡು ಗೆಳತಿಯರ ಹೆಗಲ ಮೇಲೆ,
ಎದುರು ಬಣದ ತಲೆಗಳ ಸಂದಿಗೆ ತಲೆ ತುರುಕಿ
ಹಿಂದಿನ ಐವರ ಭಾರವನ್ನೆಲ್ಲ ಬೆನ್ನಿಗೆ ತಂದುಕೊಂಡು
ಕಾಲಲ್ಲಿ ಚೆಂಡನ್ನು ಹಿಂದಕ್ಕೆ ಕೆರೆಯುವುದು.
"ಅಕ್ಕಿ ಮಂಡಿಯಲ್ಲಿ ಅಪ್ಪ ಕೆಟ್ಟ ಲಾರಿ ನೂಕಿದ ಹಾಗೆ,"
ಎಂದಳು, "ಇಲ್ಲಿ ಲಾರಿಯೂ ನಮ್ಮನ್ನು ನೂಕುತ್ತದೆ."

ಮನಿಲಾ. ಜಕಾರ್ತಾ. ಅಲ್ಮಾಟಿಯಲ್ಲಿ ಹಲ್ಲು ಕಟಕಟಿಸುವ ಚಳಿ.
ಧ್ವನಿವರ್ಧಕದಲ್ಲಿ ಅವಳ ಹೆಸರು ಎಲ್ಲೂ ಸರಿಯಾಗಿ ಬರಲಿಲ್ಲ;
ಅಂಗಿಯ ಬೆನ್ನ ಮೇಲಿನ ಎರಡು ಎಂದರೆ ಸಾಕಾಯಿತು.
ದೇಶಕ್ಕೆ ಹತ್ತೊಂಬತ್ತು ಪಂದ್ಯ. ಗೆದ್ದದ್ದು?
ಬೆರಳೆಣಿಸಿದಳು, ಒಂದು ಕೈ ಸಾಕಾಯಿತು,
ಹೆಬ್ಬೆರಳು ಉಳಿದೇಹೋಯಿತು.
ಒಂದೇ ಒಂದು ಸಲ ತಾನೇ ಗೆರೆ ದಾಟಿ ಚೆಂಡು ನೆಲಕ್ಕೊತ್ತಿದ್ದು,
ಆ ರಾತ್ರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಅಜ್ಜಿ ಉಸಿರು ಬಿಟ್ಟಳು.
ಸುದ್ದಿಯನ್ನು ಎರಡು ದಿನ ತಡೆದರು, ಆಡಲಿ ಎಂದು.
ಇದನ್ನು ಹೇಳುವಾಗ ಅವಳು ನನ್ನ ತಕ್ಕಡಿಯನ್ನು ನೋಡುತ್ತಿದ್ದಳು.

ಮಂಡಿ ಹೋಗಿದೆ. ಆಟ ಮುಗಿಯಿತು.
ಉಳಿಸಿದ ಭತ್ಯೆಯನ್ನು ಎಣಿಸಿಟ್ಟಳು.
ಅವಧಿ ಮೀರಿದ್ದನ್ನು ಕರಗಿಸುವುದು ನಮ್ಮ ವಾಡಿಕೆ;
ಇದನ್ನೇಕೆ ಕರಗಿಸಲಿಲ್ಲವೆಂದು ಮಗ ಕೇಳಿದಾಗಲೆಲ್ಲ
ಒಂದು ಹರಳು ಸಿಗಬೇಕು ಎನ್ನುತ್ತಿದ್ದೆ.

"ಹಾಕಿಬಿಡಿ ಶೇಟ್ರೇ," ಎಂದು ಕೂದಲು ಸರಿಸಿದಳು.

ಐದರ ವಯಸ್ಸಿನಲ್ಲಿ ನಾನೇ ಚುಚ್ಚಿದ ಕಿವಿ.
ಈಗ ಮೇಲಂಚು ಮಡಚಿ, ಉಬ್ಬಿ, ಗಂಟುಗಟ್ಟಿ
ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದು.
ಊರಿನ ಕಿವಿ ಮೇಲೆ ಹೂವಿಟ್ಟವರನ್ನು ಬಹಳ ಕಂಡಿದ್ದೇನೆ,
ಕಿವಿಯೇ ಹೂಕೋಸಾದದ್ದು ಇದೇ ಮೊದಲು.
ಸ್ಪಿರಿಟ್ ಹಚ್ಚಿದೆ. ಸೂಜಿ ಇಟ್ಟೆ. ಬಾಗಿತು.
ಬೇರೆ ಸೂಜಿ. ಅದೂ.

ಬಡಿದಷ್ಟೂ ಚಿನ್ನ ಗಡುಸಾಗುತ್ತದೆ, ಬಲ್ಲೆ.
ಕೆಂಡದಲ್ಲಿ ಕಾಸಿದರೆ ಮತ್ತೆ ಮೆತ್ತಗೆ.
ಕಿವಿ ಕಾಸುವ ವಿದ್ಯೆ ನಮ್ಮಪ್ಪ ಕಲಿಸಿಲ್ಲ.
ಹಾಗೆಂದೆ. ಅವಳು ನಕ್ಕಳು,
ಮುಂದಿನ ಮುರುಕು ಹಲ್ಲು ಕಾಣುವಂತೆ.

ಕಟ್ಟೆಯ ಕೆಳಗೆ ಅವಳ ನಾಲ್ಕು ಹುಡುಗಿಯರು,
ಶಾಲೆಯ ಬ್ಯಾಗು, ಮಂಡಿಯ ತುಂಬ ಕೆಮ್ಮಣ್ಣು,
ಕಾಯುತ್ತ ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು.
ಬುಗುಡಿಯನ್ನು ಕರವಸ್ತ್ರದಲ್ಲಿ ಬಿಗಿಯಾಗಿ ಗಂಟಿಕ್ಕಿ
ನನ್ನ ಮುಖವನ್ನೇ ನೋಡುತ್ತ
ಸೊಂಟದ ಪಕ್ಕದಿಂದ ಹಿಂದಕ್ಕೆ ಹಾರಿಸಿದಳು.

ನನ್ನೆದೆ ಧಸಕ್ಕೆಂದಿತು. ತೂಗಿ ತೂಗಿ ಬದುಕಿದವನ ಎದೆ.
ಕೆಳಗೆ ಯಾರದೋ ಅಂಗೈ ಮುಚ್ಚಿದ ಸದ್ದು.

ಪುಸ್ತಕ ತೆಗೆದೆ. ಲೆಕ್ಕ ಮುಗಿದರೆ
ಹೆಬ್ಬೆಟ್ಟಿನ ಮೇಲೆ ಗೀಟು ಎಳೆಯಬೇಕು.
ಸ್ವಲ್ಪ ಪಕ್ಕದಲ್ಲಿ ಎಳೆದೆ.